ಸರ್ವರ್‌ನಲ್ಲಿ ಹಾಕಿದ ಲೇಬಲ್ ಕ್ಲೈಂಟ್‌ನಲ್ಲಿ ಯಾಕೆ ಕಾಣಲ್ಲ?

ಓದುಗರ ಪ್ರಶ್ನೆ: “ಫೈಲ್ ಸರ್ವರ್‌ನಲ್ಲಿ ವೆಬ್ ಪುಟಗಳ ಫೋಲ್ಡರ್‌ಗೆ ಸರಿಯಾದ ಎಸ್‌ಇಲಿನಕ್ಸ್ ಲೇಬಲ್ ಹಾಕಿದ್ದೇನೆ. ಅದನ್ನು ಎನ್‌ಎಫ್‌ಎಸ್ ಮೂಲಕ ಇನ್ನೊಂದು ಮಷೀನಿನಲ್ಲಿ ಮೌಂಟ್ ಮಾಡಿದರೆ ಪ್ರತಿ ಫೈಲಿಗೂ ಎನ್‌ಎಫ್‌ಎಸ್_ಟಿ ಅಂತ ತೋರಿಸುತ್ತಿದೆ. ಅಪಾಚಿ ವೆಬ್ ಸರ್ವರ್‌ಗೆ ಓದಲು ಆಗುತ್ತಿಲ್ಲ. ಪರ್ಮಿಷನ್ 755 ಇದೆ (ಎಲ್ಲರೂ ಓದಬಹುದು). ಏನು ತಪ್ಪಿದೆ?”

ಏನೂ ತಪ್ಪಿಲ್ಲ. ಎಲ್ಲ ಹೇಗಿರಬೇಕೋ ಹಾಗೇ ಇದೆ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಮ್ಮೆ ವೆಬ್ ಸರ್ವರ್, ಒಮ್ಮೆ ಹೋಮ್ ಡೈರೆಕ್ಟರಿ, ಒಮ್ಮೆ ಕಂಟೇನರ್. ಒಳಗಿನ ವಿಷಯ ಒಂದೇ. ಈ ಸಲ ಅವಸರ ಮಾಡದೆ ಬರೆಯುತ್ತೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕೊಟ್ಟುಬಿಡಬಹುದು.

ಎಸ್‌ಇಲಿನಕ್ಸ್ ಅಂದರೆ ಲಿನಕ್ಸ್‌ನ ಹೆಚ್ಚುವರಿ ಭದ್ರತಾ ಪದರ. ಅದು ಪ್ರತಿ ಫೈಲಿಗೂ ಪ್ರೋಸೆಸ್‌ಗೂ ಒಂದು ಲೇಬಲ್ ಇಟ್ಟುಕೊಳ್ಳುತ್ತದೆ, ಯಾವ ಲೇಬಲ್ ಯಾವುದನ್ನು ಮುಟ್ಟಬಹುದು ಅನ್ನುವ ನಿಯಮಗಳೇ ಪಾಲಿಸಿ. ಎನ್‌ಎಫ್‌ಎಸ್ ಅಂದರೆ ಇನ್ನೊಂದು ಮಷೀನಿನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ. ಎನ್‌ಎಫ್‌ಎಸ್ ಮೌಂಟ್‌ಗೆ ಲೇಬಲ್ ಕೊಡುವುದು ಕ್ಲೈಂಟ್‌ನ, ಅಂದರೆ ಮೌಂಟ್ ಮಾಡಿದ ಮಷೀನಿನ, ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು). ಎಕ್ಸ್‌ಎಫ್‌ಎಸ್, ಎಕ್ಸ್‌ಟಿ4 ಥರದ ಲೋಕಲ್ ಫೈಲ್ ಸಿಸ್ಟಂ ಆದರೆ ಪ್ರತಿ ಫೈಲಿನ ಲೇಬಲ್ ಡಿಸ್ಕ್ ಮೇಲೆಯೇ ಇರುತ್ತದೆ, ಕರ್ನಲ್ ಅದನ್ನು ಓದಿಕೊಳ್ಳುತ್ತದೆ. ಎನ್‌ಎಫ್‌ಎಸ್‌ಗೆ ಹಾಗಲ್ಲ. ಕ್ಲೈಂಟ್‌ನ ಪಾಲಿಸಿಯಲ್ಲಿ ಅದಕ್ಕೆಂದೇ ಒಂದು ಸಾಲಿದೆ: ಈ ಬಗೆಯ ಮೌಂಟ್ ಬಂದರೆ ಒಳಗಿರುವುದಕ್ಕೆಲ್ಲ ಎನ್‌ಎಫ್‌ಎಸ್_ಟಿ. ಸಿಐಎಫ್‌ಎಸ್ (ವಿಂಡೋಸ್ ಶೈಲಿಯ ಫೈಲ್ ಹಂಚಿಕೆ) ಆದರೆ ಸಿಐಎಫ್‌ಎಸ್_ಟಿ. ಅಷ್ಟೇ, ಫೈಲಿಗೊಂದು ಲೆಕ್ಕ ಇಲ್ಲ.

ಆಡಿಟ್ ಲಾಗ್‌ನಲ್ಲಿ ಎವಿಸಿ ಸಾಲನ್ನು, ಅಂದರೆ ಎಸ್‌ಇಲಿನಕ್ಸ್ ತಡೆದದ್ದರ ದಾಖಲೆಯನ್ನು, ಒಮ್ಮೆ ನಿಧಾನವಾಗಿ ಓದಿ. ಎಸ್‌ಕಾಂಟೆಕ್ಸ್ಟ್ ಅನ್ನುವ ಕಡೆ ಎಚ್‌ಟಿಟಿಪಿಡಿ_ಟಿ ಇರುತ್ತದೆ, ಅದು ಕೇಳುತ್ತಿರುವ ಪ್ರೋಸೆಸ್. ಟಿಕಾಂಟೆಕ್ಸ್ಟ್ ಅನ್ನುವ ಕಡೆ ಎನ್‌ಎಫ್‌ಎಸ್_ಟಿ ಇರುತ್ತದೆ, ಅದು ಫೈಲ್. ನೀವು ಸರ್ವರ್‌ನಲ್ಲಿ ಅಷ್ಟು ಕಷ್ಟಪಟ್ಟು ಹಾಕಿದ ಲೇಬಲ್‌ನ ಹೆಸರು ಆ ಸಾಲಿನಲ್ಲಿ ಎಲ್ಲೂ ಇಲ್ಲ. 755 ಅಲ್ಲ, 777 ಕೊಟ್ಟರೂ ಆ ಸಾಲು ಬದಲಾಗುವುದಿಲ್ಲ.

ಈಗ ಹಠಮಾರಿ ನಂಬಿಕೆಗೆ ಬರೋಣ. “ಸರ್ವರ್‌ನಲ್ಲಿ ಲೇಬಲ್ ಸರಿ ಮಾಡಿದರೆ ಕ್ಲೈಂಟ್‌ನಲ್ಲೂ ಸರಿಹೋಗುತ್ತೆ.” ಎಷ್ಟು ಸಲ ಅಲ್ಲ ಅಂದರೂ ಇದು ಸಾಯುವುದಿಲ್ಲ.

ಲೇಬಲ್ ಇರುವುದು ಎಲ್ಲಿ? ಸರ್ವರ್‌ನ ಡಿಸ್ಕ್ ಮೇಲೆ, ಫೈಲಿಗೆ ಅಂಟಿಕೊಂಡ ಒಂದು ಹೆಚ್ಚುವರಿ ಗುಣಲಕ್ಷಣವಾಗಿ. ಅದು ನೆಟ್‌ವರ್ಕ್ ದಾಟಿ ಬರಬೇಕೆಂದರೆ ಪ್ರೋಟೋಕಾಲ್‌ನಲ್ಲಿ ಅದಕ್ಕೊಂದು ಜಾಗ ಬೇಕು, ಅಲ್ವಾ? ಎನ್‌ಎಫ್‌ಎಸ್ 3ನೇ ಆವೃತ್ತಿಯ ವಿವರಣೆ ಬಂದದ್ದು 1995ರಲ್ಲಿ. ಮಾಲೀಕ, ಮೋಡ್, ಗಾತ್ರ, ಸಮಯ ಎಲ್ಲಕ್ಕೂ ಅದರಲ್ಲಿ ಜಾಗ ಇದೆ, ಲೇಬಲ್‌ಗೆ ಇಲ್ಲ. ಇರುವುದಾದರೂ ಹೇಗೆ? ಎಸ್‌ಇಲಿನಕ್ಸ್ ಸಾರ್ವಜನಿಕವಾಗಿ ಹೊರಬಂದದ್ದೇ 2000ದ ಕೊನೆಯಲ್ಲಿ. ಗೋಡೌನಿನ ಕಪಾಟಿಗೆ ಚೀಟಿ ಅಂಟಿಸಿ, ಪಾರ್ಸೆಲ್ ಜೊತೆ ಆ ಚೀಟಿ ಯಾಕೆ ಬರಲಿಲ್ಲ ಅಂತ ಕೇಳಿದ ಹಾಗಾಯಿತು ಇದು.

ಹಾಗಾದರೆ ಸರ್ವರ್‌ನ ಲೇಬಲ್ ದಂಡವೇ? ಅಲ್ಲ. ಅದು ಸರ್ವರ್‌ನಲ್ಲೇ ಓಡುವ ಪ್ರೋಸೆಸ್‌ಗಳಿಗೆ. ಅದೇ ಫೋಲ್ಡರನ್ನು ಅಲ್ಲೇ ಇರುವ ಸಾಂಬಾ ಹಂಚುತ್ತಿದ್ದರೆ ಆ ಲೇಬಲ್ ಮುಖ್ಯ. ನಿಮ್ಮ ಅಪಾಚಿ ಬೇರೆ ಮಷೀನಿನಲ್ಲಿದೆ. ಅದನ್ನು ತಡೆಯುತ್ತಿರುವುದು ಆ ಮಷೀನಿನ ಕರ್ನಲ್, ಆ ಮಷೀನಿನ ಪಾಲಿಸಿ. ಸರ್ವರ್‌ಗೆ ಈ ಜಗಳ ಗೊತ್ತೇ ಇಲ್ಲ.

“ಆದರೆ ನಾನು ಎನ್‌ಎಫ್‌ಎಸ್ 4.2 ಬಳಸುತ್ತಿದ್ದೇನೆ” ಅನ್ನುವವರು ಇದ್ದೇ ಇರುತ್ತಾರೆ. ಸರಿ. 4.2ರಲ್ಲಿ ಲೇಬಲ್ ಸಾಗಿಸುವ ವ್ಯವಸ್ಥೆ ನಿಜವಾಗಿಯೂ ಇದೆ. ಲಿನಕ್ಸ್ ಕರ್ನಲ್‌ಗೆ ಅದು 2013ರಲ್ಲಿ, 3.11ರ ಹೊತ್ತಿಗೆ ಬಂತು. ಪ್ರೋಟೋಕಾಲ್‌ನ ಅಧಿಕೃತ ವಿವರಣೆ ಆರ್‌ಎಫ್‌ಸಿ 7862 ಆಗಿ ಅಚ್ಚಾದದ್ದು 2016ರಲ್ಲಿ. ಆದರೆ ವ್ಯವಸ್ಥೆ ಇರುವುದು ಬೇರೆ, ಅದು ಆನ್ ಆಗಿರುವುದು ಬೇರೆ. ಸರ್ವರ್‌ನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ (ಯಾವ ಫೋಲ್ಡರ್ ಹಂಚಬೇಕೆಂಬ ಪಟ್ಟಿ) ಆ ಫೋಲ್ಡರ್‌ನ ಸಾಲಿಗೆ ‘ಸೆಕ್ಯೂರಿಟಿ_ಲೇಬಲ್’ ಅನ್ನುವ ಆಯ್ಕೆಯನ್ನು ನೀವೇ ಸೇರಿಸಬೇಕು. ಸೇರಿಸದಿದ್ದರೆ 4.2 ಆದರೂ ಎನ್‌ಎಫ್‌ಎಸ್_ಟಿಯೇ.

ಈ ನಂಬಿಕೆ ಇಷ್ಟು ಗಟ್ಟಿಯಾಗಿರಲು ಒಂದು ಕಾರಣವೂ ಇದೆ. ಶುರುವಿನ ಕರ್ನಲ್‌ಗಳಲ್ಲಿ ಈ ಆಯ್ಕೆಯೇ ಇರಲಿಲ್ಲ. 4.2 ಇದ್ದರೆ ಲೇಬಲ್ ತಾನಾಗಿಯೇ ಬರುತ್ತಿತ್ತು. ಆಗ ನೋಡಿದವರು ಈಗಲೂ ಹಾಗೇ ಹೇಳುತ್ತಾರೆ, ಅವರ ಮಾತನ್ನು ಮಿಕ್ಕವರು ಹೇಳುತ್ತಾರೆ. ಆಮೇಲೆ ಡೀಫಾಲ್ಟ್ ತಿರುಗಿತು, ಮಾತು ತಿರುಗಲಿಲ್ಲ.

ಡೀಫಾಲ್ಟ್ ಆಫ್ ಮಾಡಿದ್ದು ಸರಿ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಎಕ್ಸ್‌ಪೋರ್ಟನ್ನು ಹತ್ತಾರು ಮಷೀನುಗಳು ಮೌಂಟ್ ಮಾಡಿರುತ್ತವೆ. ಎಲ್ಲದರ ಪಾಲಿಸಿಯೂ ಒಂದೇ ಇರಬೇಕೆಂದೇನಿಲ್ಲ. ಒಂದು ಮಷೀನ್ ಬರೆದ ಲೇಬಲ್ ಇನ್ನೊಂದರ ಪಾಲಿಸಿಗೆ ಗೊತ್ತೇ ಇಲ್ಲದಿದ್ದರೆ ಆ ಫೈಲ್ ಅಲ್ಲಿ ಅನ್‌ಲೇಬಲ್ಡ್_ಟಿ ಆಗಿ ಕೂರುತ್ತದೆ, ಏನೂ ಓಡುವುದಿಲ್ಲ. ಎಕ್ಸ್‌ಪೋರ್ಟ್ಸ್‌ನ ಮ್ಯಾನ್ ಪೇಜ್ ಕೂಡ ಎಲ್ಲ ಕ್ಲೈಂಟ್‌ಗಳ ಪಾಲಿಸಿ ಒಂದೇ ಥರ ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ ಎಂದು ನೇರವಾಗಿ ಹೇಳುತ್ತದೆ.

ಸುಮ್ನೆ ನನ್ನ ಮಾತು ನಂಬಬೇಡಿ. ಕ್ಲೈಂಟ್‌ನಲ್ಲಿ ಪ್ರೋಕ್ ಕೆಳಗಿನ ಮೌಂಟ್ಸ್ ಫೈಲ್ ತೆರೆದು ನಿಮ್ಮ ಎನ್‌ಎಫ್‌ಎಸ್ ಸಾಲು ನೋಡಿ. ಅದರಲ್ಲಿ ‘ಸೆಕ್‌ಲೇಬಲ್’ ಅನ್ನುವ ಪದ ಇದ್ದರೆ ಸರ್ವರ್‌ನ ಲೇಬಲ್‌ಗಳು ಬರುತ್ತಿವೆ. ಇಲ್ಲದಿದ್ದರೆ ಬರುತ್ತಿಲ್ಲ. ಆ ಪದ ಇಲ್ಲದ ಕಡೆ ಲೇಬಲ್ ಬದಲಿಸುವ ಸಿಎಚ್‌ಕಾನ್ ಕಮಾಂಡ್ ಹೊಡೆದರೆ ‘ಆಪರೇಷನ್ ನಾಟ್ ಸಪೋರ್ಟೆಡ್’ ಅನ್ನುತ್ತದೆ. ಕಂಟೇನರ್ ವಾಲ್ಯೂಮ್‌ಗೆ, ಲೇಬಲ್ ಬದಲಿಸು ಅನ್ನುವ, ಸಣ್ಣ ಝಡ್ ಅಥವಾ ದೊಡ್ಡ ಝಡ್ ಹಾಕಿದಾಗ ಬೈಸಿಕೊಳ್ಳುವುದೂ ಇದೇ ಕಾರಣಕ್ಕೆ. ಇನ್ನು ಕೆಲವರು ಸೆಟ್‌ಎನ್‌ಫೋರ್ಸ್ 0 ಮಾಡಿ (ಎಸ್‌ಇಲಿನಕ್ಸ್ ತಡೆಯುವುದನ್ನು ನಿಲ್ಲಿಸಿ), “ನೋಡಿ, ಓಡ್ತು, ಸರ್ವರ್ ಲೇಬಲ್ಲೇ ತಪ್ಪು” ಅನ್ನುತ್ತಾರೆ. ತಡೆದದ್ದು ಎಸ್‌ಇಲಿನಕ್ಸ್ ಅಂತ ಅದರಿಂದ ಗೊತ್ತಾಯಿತು, ಯಾವ ಲೇಬಲ್ ತಪ್ಪು ಅಂತ ಗೊತ್ತಾಗಲಿಲ್ಲ. ದಯವಿಟ್ಟು ಮತ್ತೆ 1 ಮಾಡಿ.

ಸರಿ, ಪರಿಹಾರ. ಎನ್‌ಎಫ್‌ಎಸ್‌ನಿಂದ ವೆಬ್ ಪುಟ ಓದಿದರೆ ಸಾಕು ಅನ್ನುವವರಿಗೆ ‘ಎಚ್‌ಟಿಟಿಪಿಡಿ_ಯೂಸ್_ಎನ್‌ಎಫ್‌ಎಸ್’ ಅನ್ನುವ ಬೂಲಿಯನ್ (ಪಾಲಿಸಿಯ ಆನ್-ಆಫ್ ಸ್ವಿಚ್) ಇದೆ. ಸೆಟ್‌ಸೀಬೂಲ್‌ನಲ್ಲಿ ದೊಡ್ಡ ಪಿ ಹಾಕಿ ಆನ್ ಮಾಡಿ, ರೀಬೂಟ್ ಆದರೂ ಉಳಿಯುತ್ತದೆ. ಹೋಮ್ ಡೈರೆಕ್ಟರಿಗೆ ‘ಯೂಸ್_ಎನ್‌ಎಫ್‌ಎಸ್_ಹೋಮ್_ಡಿರ್ಸ್’. ಬೂಲಿಯನ್‌ನ ತೊಂದರೆ ಏನೆಂದರೆ ಆ ಮಷೀನಿನ ಎಲ್ಲ ಎನ್‌ಎಫ್‌ಎಸ್ ಮೌಂಟ್‌ಗೂ ಅನ್ವಯಿಸುತ್ತದೆ. ಪಕ್ಕದಲ್ಲೇ ಬ್ಯಾಕಪ್ ಮೌಂಟ್ ಇದ್ದರೆ ಅಪಾಚಿಗೆ ಅದೂ ತೆರೆದಂತೆಯೇ.

ಅದಕ್ಕೇ ನನಗೆ ಮೌಂಟ್‌ನ ‘ಕಾಂಟೆಕ್ಸ್ಟ್’ ಆಯ್ಕೆ ಜಾಸ್ತಿ ಇಷ್ಟ. ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್‌ಗಳ ಪಟ್ಟಿ ಇರುವ ಫೈಲ್) ಕಾಂಟೆಕ್ಸ್ಟ್ ಸಮ ಚಿಹ್ನೆ ಹಾಕಿ, ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ ಇರುವ ಪೂರ್ತಿ ಲೇಬಲ್ ಕೊಟ್ಟರೆ ಆ ಒಂದು ಮೌಂಟ್ ಪೂರ್ತಿ ಆ ಲೇಬಲ್‌ನಲ್ಲಿ ಕಾಣುತ್ತದೆ. ಸರ್ವರ್‌ನ ಡಿಸ್ಕ್ ಮೇಲೆ ಏನೂ ಬರೆಯುವುದಿಲ್ಲ, ಬೇರೆ ಕ್ಲೈಂಟ್‌ಗಳಿಗೆ ತಿಳಿಯುವುದೂ ಇಲ್ಲ. ಬದಲಿಸಬೇಕಾದರೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ, ರೀಮೌಂಟ್ ಸಾಲದು. ಫೈಲಿಗೊಂದು ಲೇಬಲ್ ಬೇಕೇ ಬೇಕು, ಎಲ್ಲ ಮಷೀನೂ ನಿಮ್ಮ ಕೈಯಲ್ಲೇ ಇವೆ ಅಂದರೆ ಮಾತ್ರ ಸೆಕ್ಯೂರಿಟಿ_ಲೇಬಲ್.

ಇಲ್ಲಿ ಯಾರೂ ಕೇಳದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಕಾಂಟೆಕ್ಸ್ಟ್ ಬಳಸಲು ಶುರು ಮಾಡಿದವರು ಬೇಗ ಇದಕ್ಕೆ ತಲೆ ಕೊಡುತ್ತಾರೆ. ಒಂದೇ ಎಕ್ಸ್‌ಪೋರ್ಟ್‌ನ ಎರಡು ಉಪಫೋಲ್ಡರ್‌ಗಳು. ಒಂದನ್ನು ವೆಬ್ ಲೇಬಲ್‌ನಲ್ಲಿ ಮೌಂಟ್ ಮಾಡುತ್ತೀರಿ, ಇನ್ನೊಂದನ್ನು ಡೇಟಾಬೇಸ್ ಲೇಬಲ್‌ನಲ್ಲಿ. ಹಳೆಯ ಕರ್ನಲ್ ಆದರೆ ಎರಡನೆಯದು ಆಗುವುದಿಲ್ಲ. ಕರ್ನಲ್ ಲಾಗ್‌ನಲ್ಲಿ ‘ಸೇಮ್ ಸೂಪರ್‌ಬ್ಲಾಕ್, ಡಿಫರೆಂಟ್ ಸೆಕ್ಯೂರಿಟಿ ಸೆಟ್ಟಿಂಗ್ಸ್’ ಅನ್ನುವ ಸಾಲು. ಕಣ್ಣಿಗೆ ಎರಡು ಮೌಂಟ್ ಆದರೂ ಕ್ಯಾಶೆ ಹಂಚಿಕೊಳ್ಳಲು ಕ್ಲೈಂಟ್ ಎರಡನ್ನೂ ಒಂದೇ ಸೂಪರ್‌ಬ್ಲಾಕ್ (ಕರ್ನಲ್ ಒಳಗೆ ಒಂದು ಫೈಲ್ ಸಿಸ್ಟಂನ ದಾಖಲೆ) ಮಾಡಿಕೊಂಡಿರುತ್ತದೆ. ಒಂದು ಸೂಪರ್‌ಬ್ಲಾಕ್‌ಗೆ ಒಂದೇ ಕಾಂಟೆಕ್ಸ್ಟ್.

ಹಳೆಯ ಉಪಾಯ ಎಂದರೆ ‘ನೋಶೇರ್‌ಕ್ಯಾಶ್’ ಆಯ್ಕೆ. ಅದು ಎರಡನ್ನೂ ಬೇರೆ ಮಾಡುತ್ತದೆ. ಆದರೆ ಒಂದೇ ಫೈಲ್ ಎರಡೂ ಮೌಂಟ್‌ನಿಂದ ಸಿಗುವಂತಿದ್ದರೆ ಅದರ ಎರಡು ಪ್ರತಿಗಳು ಕ್ಯಾಶೆಯಲ್ಲಿ ಇರುತ್ತವೆ. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಹಳೆಯದಾಗಿಯೇ ಕಾಣಬಹುದು. 2021ರಲ್ಲಿ ಕರ್ನಲ್‌ಗೆ ಒಂದು ಬದಲಾವಣೆ ಸೇರಿತು. ಆಮೇಲಿನ ಕರ್ನಲ್‌ಗಳು ಸೂಪರ್‌ಬ್ಲಾಕ್ ಹಂಚಿಕೊಳ್ಳುವ ಮೊದಲು ಎಸ್‌ಇಲಿನಕ್ಸ್ ಕಾಂಟೆಕ್ಸ್ಟ್ ಕೂಡ ಹೊಂದುತ್ತದಾ ಅಂತ ನೋಡುತ್ತವೆ, ಹೊಂದದಿದ್ದರೆ ತಾವೇ ಬೇರೆ ಮಾಡಿಕೊಳ್ಳುತ್ತವೆ. ಹಾಗಾಗಿ ನೋಶೇರ್‌ಕ್ಯಾಶ್ ಹಾಕುವ ಮೊದಲು ನಿಮ್ಮ ಕರ್ನಲ್ ಯಾವ ಕಾಲದ್ದು ಅಂತ ನೋಡಿಕೊಳ್ಳಿ. ಹೊಸದಾಗಿದ್ದರೆ ಮೊದಲು ಅದಿಲ್ಲದೆಯೇ ಮೌಂಟ್ ಮಾಡಿ ನೋಡಿ.