ಮಿದುಳಿನ ಒತ್ತಡ: ಮಾನಿಟರಿನ ಅಂಕಿಯನ್ನು ಯಾವಾಗ ನಂಬಬೇಕು?

ಮಗು ಮಲಗಿದ ಮಂಚವನ್ನು 10 ಸೆಂ.ಮೀ. ಏರಿಸಿ, ಪಕ್ಕದ ಸ್ಟ್ಯಾಂಡಿಗೆ ಕಟ್ಟಿದ, ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರನ್ನು ಇದ್ದಲ್ಲೇ ಬಿಟ್ಟರೆ ಮಾನಿಟರಿನಲ್ಲಿ ಮಿದುಳಿನ ಒತ್ತಡ ಸುಮಾರು 7 ಮಿ.ಮೀ. ಪಾದರಸದಷ್ಟು ಹೆಚ್ಚು ಕಾಣುತ್ತದೆ. ಮಂಚ ಇಳಿಸಿದರೆ ಅಷ್ಟೇ ಕಡಿಮೆ. ತಲೆಗೆ ಪೆಟ್ಟಾದ ಮಕ್ಕಳಲ್ಲಿ ಒತ್ತಡ 20 ದಾಟಿ ನಿಂತರೆ ಚಿಕಿತ್ಸೆ ಶುರು ಮಾಡಬೇಕೆಂಬುದು ವೈದ್ಯರು ಪಾಲಿಸುವ ಗೆರೆ. ನಿಜವಾಗಿ 24 ಇರುವ ಒತ್ತಡ ಪರದೆಯ ಮೇಲೆ 17 ಎಂದು ಕಂಡರೆ ಆ ಚಿಕಿತ್ಸೆ ತಪ್ಪಿಹೋಗುತ್ತದೆ.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್)‌ನಂಥ ದೊಡ್ಡ ಆಸ್ಪತ್ರೆಗೆ ಗದಗ, ಹಾವೇರಿ ಕಡೆಯಿಂದಲೂ ಮಕ್ಕಳನ್ನು ಕರೆತರುತ್ತಾರೆ. ಹೆದ್ದಾರಿಯಲ್ಲಿ ಗಾಯಗೊಂಡವರು, ಮಾಳಿಗೆಯಿಂದ ಬಿದ್ದವರು, ಮಿದುಳು ಜ್ವರ ಬಂದವರು, ತಲೆಯಲ್ಲಿ ನೀರು ತುಂಬಿಕೊಂಡವರು. ಕಾಯಿಲೆ ಬೇರೆಯಾದರೂ ತಲೆಬುರುಡೆಯೊಳಗಿನ ಲೆಕ್ಕ ಒಂದೇ. ಅಲ್ಲಿನ ಜಾಗದಲ್ಲಿ ನೂರಕ್ಕೆ ಸುಮಾರು 80 ಪಾಲು ಮಿದುಳು, 10 ಪಾಲು ರಕ್ತ, 10 ಪಾಲು ಮಿದುಳುದ್ರವ. ಒಂದು ಹಿಗ್ಗಿದರೆ ಇನ್ನೊಂದು ಜಾಗ ಬಿಡಬೇಕು. ಬಿಡಲು ಜಾಗವೇ ಉಳಿಯದಾಗ ಒತ್ತಡ ಒಮ್ಮೆಲೇ ಜಿಗಿಯುತ್ತದೆ. ಆರೋಗ್ಯವಂತ ಚಿಕ್ಕ ಮಕ್ಕಳಲ್ಲಿ ಇದು ಸುಮಾರು 3ರಿಂದ 7, ದೊಡ್ಡವರಲ್ಲಿ 7ರಿಂದ 15.

ಅಳೆಯಲು ಇಂದಿಗೂ ಹೆಚ್ಚು ಭರವಸೆಯ ಸಾಧನವೆಂದರೆ ಇವಿಡಿ. ಮಿದುಳಿನೊಳಗಿನ ದ್ರವದ ಕುಹರಕ್ಕೆ ಇಳಿಸಿದ ತೆಳು ನಳಿಕೆ, ಅದಕ್ಕೆ ಜೋಡಿಸಿದ ಥ್ರೀ-ವೇ (ಮೂರು ದಾರಿಗಳನ್ನು ತೆರೆದು ಮುಚ್ಚುವ ತಿರುಗು ಕೀಲಿ), ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಟ್ರಾನ್ಸ್‌ಡ್ಯೂಸರ್, ದ್ರವ ತೊಟ್ಟಿಕ್ಕುವ ಅಳತೆಯ ಕೊಳವೆ, ಕೆಳಗೊಂದು ಚೀಲ. ಅಳೆಯುವುದರ ಜೊತೆಗೆ ಹೆಚ್ಚಾದ ದ್ರವವನ್ನು ಹೊರಗೂ ಬಿಡುತ್ತದೆ, ಬೇಕೆಂದಾಗ ಮತ್ತೆ ಝೀರೋ ಮಾಡಬಹುದು, ಅಂದರೆ ಹೊರಗಿನ ಗಾಳಿಯ ಒತ್ತಡವನ್ನು 0 ಎಂದು ಮಾನಿಟರಿಗೆ ತಿಳಿಸಬಹುದು. ಕುಹರ ಸಿಗುವಷ್ಟು ದೊಡ್ಡದಿದ್ದರೆ ಮೊದಲ ಆಯ್ಕೆ ಇದೇ ಆಗಬೇಕು.

ಇದರ ಪ್ರಾಣ ಮಟ್ಟದಲ್ಲಿದೆ. ಮಗು ಅಂಗಾತ ಮಲಗಿದ್ದರೆ ಕಿವಿರಂಧ್ರದ ಮುಂದೆ ಬೆರಳಿಗೆ ಸಿಗುವ ಪುಟ್ಟ ಉಬ್ಬಿನ ನೇರಕ್ಕೆ, ಮಗ್ಗುಲಾಗಿದ್ದರೆ ಎರಡು ಹುಬ್ಬುಗಳ ನಡುವಿನ ನೇರಕ್ಕೆ ಟ್ರಾನ್ಸ್‌ಡ್ಯೂಸರ್ ಬರಬೇಕು. ಕಣ್ಣಳತೆ ಬೇಡ. ಗೌಂಡಿಗಳು ಗೋಡೆಗೆ ಹಿಡಿಯುವ ರಸಮಟ್ಟದಂಥದ್ದೇ ಪುಟ್ಟ ಸಾಧನ ಅಥವಾ ಲೇಸರ್ ಪಾಯಿಂಟರ್ ಸಾಕು. ಮಟ್ಟ ಸರಿಪಡಿಸಿದ ಮೇಲೆ ಝೀರೋ: ಥ್ರೀ-ವೇಯನ್ನು ಮಗುವಿನ ಕಡೆಗೆ ಮುಚ್ಚಿ, ಮುಚ್ಚಳ ತೆಗೆದು ಗಾಳಿಗೆ ತೆರೆದು, ಮಾನಿಟರಿನಲ್ಲಿ ಝೀರೋ ಒತ್ತಿ, 0 ಕಂಡ ಮೇಲೆ ಗಾಳಿಯ ಕಡೆ ಮುಚ್ಚಿ, ಮಗುವಿನ ಕಡೆ ತೆರೆಯಬೇಕು. ಝೀರೋ ಮಾಡಿದ ಮಾತ್ರಕ್ಕೆ ಮಟ್ಟ ಸರಿಯಾಗುವುದಿಲ್ಲ. ಝೀರೋ ಪಾಳಿಗೊಮ್ಮೆ ಸಾಕು, ಮಟ್ಟವನ್ನು ಮಗು ಹೊರಳಿದಾಗಲೆಲ್ಲ ನೋಡಬೇಕು.

ದ್ರವ ಹರಿಯುತ್ತಿರುವಾಗ ಒತ್ತಡ ಓದುವುದು ಇನ್ನೊಂದು ಸಾಮಾನ್ಯ ತಪ್ಪು. ಆಗ ಪರದೆಯ ಅಂಕಿ ಕೊಳವೆಯ ಎತ್ತರವನ್ನು ತೋರಿಸುತ್ತದೆಯೇ ಹೊರತು ಮಿದುಳಿನ ಒತ್ತಡವನ್ನಲ್ಲ. ಹರಿವನ್ನು ಮುಚ್ಚಿ, ಅಲೆ ನೆಲೆಯಾಗುವವರೆಗೆ ಕೆಲವು ನಿಮಿಷ ಕಾದು ಓದಬೇಕು. ರಕ್ತನಾಳದ ಲೈನಿಗೆ ಕಟ್ಟುವ ಒತ್ತಡದ ಸಲೈನ್ ಚೀಲವನ್ನು ಇದಕ್ಕೆ ಎಂದೂ ಜೋಡಿಸಕೂಡದು, ಹೆಪಾರಿನ್ ಕೂಡ ಸಲ್ಲದು. ಆ ಸಲೈನ್ ನೇರ ಮಿದುಳಿಗೆ ಹೋಗುತ್ತದೆ.

ಅಂಕಿಗಿಂತ ಮೊದಲು ನೋಡಬೇಕಾದದ್ದು ಅಲೆಯನ್ನು. ಹೃದಯದ ಒಂದೊಂದು ಬಡಿತಕ್ಕೂ ಅಲ್ಲಿ ಮೂರು ಪುಟ್ಟ ಶಿಖರಗಳು ಮೂಡುತ್ತವೆ. ಮೊದಲನೆಯದು ಎತ್ತರ, ಉಳಿದವು ಇಳಿಜಾರಿನಲ್ಲಿ. ಎರಡನೆಯದು ಮೊದಲನೆಯದನ್ನು ಮೀರಿ ಎದ್ದರೆ ಬುರುಡೆಯೊಳಗೆ ಬಿಟ್ಟುಕೊಡುವ ಜಾಗ ಮುಗಿಯುತ್ತಿದೆ ಎಂದರ್ಥ, ಅಂಕಿ ಇನ್ನೂ 15 ಇದ್ದರೂ ಸರಿ. ಅಲೆಯೇ ಇಲ್ಲದ ಚಪ್ಪಟೆ ಗೆರೆಯ ಪಕ್ಕ 8 ಎಂದಿದ್ದರೆ ಸಮಾಧಾನಪಡಬಾರದು. ಮಗುವಿನ ತಲೆಯಿಂದ ಶುರುಮಾಡಿ ಮಾನಿಟರಿನವರೆಗೆ ಬೆರಳಿಟ್ಟು ಹುಡುಕಬೇಕು: ನಳಿಕೆ ಮಡಚಿದೆಯೇ, ರಕ್ತದ ಹೆಪ್ಪು ಕಟ್ಟಿದೆಯೇ, ಗಾಳಿಗುಳ್ಳೆ ಇದೆಯೇ, ಥ್ರೀ-ವೇ ಮುಚ್ಚಿದೆಯೇ, ಗಡಸು ನಳಿಕೆಯ ಬದಲು ಮೆತ್ತನೆಯ ಡ್ರಿಪ್ ನಳಿಕೆ ಹಾಕಿದ್ದಾರೆಯೇ. ಇದೆಲ್ಲ ಸರಿಯಿದ್ದೂ ಗೆರೆ ಚಪ್ಪಟೆಯಾಗಿದ್ದರೆ ಪರದೆಯ ಸ್ಕೇಲ್ ನೋಡಿ. ರಕ್ತದೊತ್ತಡದ 0–150ರ ಸ್ಕೇಲಿನಲ್ಲಿ ಮಿದುಳಿನ ಅಲೆ ಕಾಣುವುದೇ ಇಲ್ಲ, 0–30ಕ್ಕೆ ಇಳಿಸಬೇಕು. ನಳಿಕೆ ಕಟ್ಟಿದ್ದರೆ ಸಲೈನ್ ತಳ್ಳಿ ಬಿಡಿಸುವುದು ನರಶಸ್ತ್ರವೈದ್ಯರ ಕೆಲಸ, ಬೇರೆಯವರು ಕೈ ಹಾಕಬಾರದು.

ದೊಡ್ಡವರಲ್ಲಿ ಅಷ್ಟಾಗಿ ಇಲ್ಲದ ಫಜೀತಿ ಮಕ್ಕಳದ್ದು. ಅಳು, ಕೆಮ್ಮು, ಕಫ ಹೀರುವ ಸಕ್ಷನ್ ಎಲ್ಲವೂ ಒತ್ತಡ ಏರಿಸುತ್ತವೆ. ಹರಿವು ತೆರೆದಿದ್ದರೆ ದ್ರವ ಒಮ್ಮೆಲೇ ಸುರಿಯುತ್ತದೆ. ತಾಯಿ ಹಾಲೂಡಿಸಲು ಕೂಸನ್ನು ಎತ್ತಿಕೊಂಡರೂ ಹಾಗೆಯೇ: ತಲೆ ಮೇಲೆ ಹೋಯಿತು, ಕೊಳವೆ ಕೆಳಗೆ ಉಳಿಯಿತು. ದೊಡ್ಡವರಲ್ಲಿ ಗಂಟೆಗೆ ಸುಮಾರು 20 ಮಿ.ಲೀ. ದ್ರವ ಹುಟ್ಟುತ್ತದೆ, ಕೂಸುಗಳಲ್ಲಿ ಇನ್ನೂ ಕಡಿಮೆ. ಹಾಗಾಗಿ ಕೆಲವೇ ನಿಮಿಷಗಳಲ್ಲಿ ಅತಿಯಾಗಿ ಸೋರಿದರೆ ಕುಹರ ಕುಸಿದು, ಮಿದುಳಿನ ಮೇಲ್ಪದರದ ರಕ್ತನಾಳ ಕಿತ್ತುಹೋಗುವ ಅಪಾಯವಿದೆ. ಮೊದಲು ಮುಚ್ಚಿ, ಆಮೇಲೆ ಎತ್ತಿ, ಮಲಗಿಸಿ ಮಟ್ಟ ನೋಡಿ ತೆರೆಯಿರಿ. ಇದನ್ನು ತಾಯಿಗೂ ಅಜ್ಜಿಗೂ ಬಿಡಿಸಿ ಹೇಳಬೇಕು. ‘ಮುಟ್ಟಬೇಡಿ’ ಎಂದು ಗದರಿಸಿದರೆ ಪ್ರಯೋಜನವಿಲ್ಲ.

ಮಿದುಳಿನ ಅಂಗಾಂಶಕ್ಕೇ ನೆಡುವ ಸೂಕ್ಷ್ಮ ಸೆನ್ಸರಿಗೆ ಮಟ್ಟದ ಗೋಜಿಲ್ಲ. ಆದರೆ ಝೀರೋ ಮಾಡಲು ಒಳಗಿಡುವ ಮುನ್ನ ಒಂದೇ ಅವಕಾಶ, ದಿನ ಕಳೆದಂತೆ ಅಂಕಿ ತುಸು ಸರಿಯುತ್ತದೆ, ಬೆಲೆಯೂ ಹೆಚ್ಚು. ಆಪ್ಟಿಕ್ ಫೈಬರಿನದ್ದಾದರೆ ಜೋರಾಗಿ ಬಾಗಿಸಿದರೆ ಮುರಿಯುತ್ತದೆ. ಬುರುಡೆ ತೆಳುವಾಗಿರುವ ಕೂಸುಗಳಲ್ಲಿ, ಸೆನ್ಸರನ್ನು ಬುರುಡೆಗೆ ಬಿಗಿಯುವ ಬೋಲ್ಟ್ ಹಿಡಿದು ನಿಲ್ಲುವುದು ಕಷ್ಟ.

ಇನ್ನು ದಾಖಲೆ. 1960ರಲ್ಲಿ ಸ್ವೀಡನ್ನಿನ ನಿಲ್ಸ್ ಲುಂಡ್‌ಬರ್ಗ್ ಒತ್ತಡವನ್ನು ಎಡೆಬಿಡದೆ ದಾಖಲಿಸಿದ ಫಲಿತಾಂಶ ಪ್ರಕಟಿಸಿದರು. 50ರಿಂದ 100ರವರೆಗೆ ಏರಿ, 5ರಿಂದ 20 ನಿಮಿಷ ಅಲ್ಲೇ ನಿಂತು ಇಳಿಯುವ ಅಲೆಗಳು ಅದರಲ್ಲಿ ಕಂಡವು. ಗಂಟೆಗೊಮ್ಮೆ ಅಂಕಿ ಬರೆಯುವ ಚಾರ್ಟಿನಲ್ಲಿ ಇಂಥ ಅಲೆ ಎರಡು ಸಾಲುಗಳ ನಡುವೆ ಮಾಯವಾಗುತ್ತದೆ. ಆದ್ದರಿಂದ ಮಾನಿಟರಿನ ಟ್ರೆಂಡ್ (ಏರಿಳಿತದ ಎಡೆಬಿಡದ ದಾಖಲೆ) ಉಳಿಸಿಕೊಳ್ಳಬೇಕು, ಸಕ್ಷನ್, ಹೊರಳಿಸಿದ್ದು, ಔಷಧ ಕೊಟ್ಟಿದ್ದು ಎಲ್ಲಕ್ಕೂ ಸಮಯ ಗುರುತಿಸಬೇಕು. ಕರೆಂಟ್ ಹೋದರೆ ಕೆಲವು ಮಾನಿಟರುಗಳ ಟ್ರೆಂಡ್ ಅಳಿಸಿಹೋಗುತ್ತದೆ. ಮುಂಗಾರಿನ ದಿನಗಳಲ್ಲಿ ಯುಪಿಎಸ್‌ಗೆ ಜೋಡಿಸದೆ ನಡೆಸಬಾರದು.

ಮಿದುಳಿಗೆ ರಕ್ತ ತಳ್ಳುವ ಒತ್ತಡವೂ ಚಾರ್ಟಿನಲ್ಲಿರಬೇಕು: ಸರಾಸರಿ ರಕ್ತದೊತ್ತಡದಿಂದ ಮಿದುಳಿನ ಒತ್ತಡ ಕಳೆದರೆ ಸಿಗುವ ಅಂಕಿ. ಮಕ್ಕಳಲ್ಲಿ ಅದು 40ರಿಂದ 50ಕ್ಕಿಂತ ಕೆಳಗಿಳಿಯಬಾರದು. ತಲೆಯನ್ನು 30 ಡಿಗ್ರಿ ಎತ್ತರಿಸಿದ ಮಗುವಿನ ಎದೆಗೂ ಕಿವಿಗೂ 20 ಸೆಂ.ಮೀ. ಅಂತರವಿದ್ದರೆ ಎತ್ತರದ ವ್ಯತ್ಯಾಸ 10 ಸೆಂ.ಮೀ. ರಕ್ತದೊತ್ತಡದ ಟ್ರಾನ್ಸ್‌ಡ್ಯೂಸರ್ ಎದೆಯ ಮಟ್ಟದಲ್ಲಿದ್ದರೆ 47 ಎಂದು ಬರುವ ಲೆಕ್ಕ, ಕಿವಿಯ ಮಟ್ಟದಲ್ಲಿದ್ದರೆ ಸುಮಾರು 40 ಆಗುತ್ತದೆ. ಯಾವ ಮಟ್ಟ ಎಂದು ಬರೆಯದ ಚಾರ್ಟ್ ಮುಂದಿನ ಪಾಳಿಯವರನ್ನು ದಾರಿ ತಪ್ಪಿಸುತ್ತದೆ.

ಇವಿಡಿ ಹಾಕುವ ವ್ಯವಸ್ಥೆ ಇಲ್ಲದ ಕಡೆ ಎರಡು ದಾರಿಗಳಿವೆ. ಕೂಸಿನ ನೆತ್ತಿ ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ, ಕೂಸು ಅಳದೆ ನೆಟ್ಟಗೆ ಕೂತಿರುವಾಗ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ ಒತ್ತಡ ಹೆಚ್ಚಿರುವ ಸೂಚನೆ. ಔಡಲೆಣ್ಣೆ ಹಚ್ಚುವ ಮನೆಯವರ ಕೈಗೆ ಅದು ಮೊದಲು ತಿಳಿಯಬಹುದು, ತಿಳಿದ ದಿನವೇ ಡಾಕ್ಟರಿಗೆ ತೋರಿಸಬೇಕು. ನೆತ್ತಿ ಕೂಡಿದ ಮಕ್ಕಳಿಗೆ, ಮುಚ್ಚಿದ ರೆಪ್ಪೆಯ ಮೇಲೆ ದಪ್ಪಗೆ ಜೆಲ್ ಹಾಕಿ, ಗುಡ್ಡೆಯನ್ನು ಒತ್ತದೆ ಅಲ್ಟ್ರಾಸೌಂಡ್ ಮಾಡಿ, ಕಣ್ಣುಗುಡ್ಡೆಯ 3 ಮಿ.ಮೀ. ಹಿಂದೆ ನೇತ್ರನರದ ಹೊದಿಕೆಯ ಅಗಲ ಅಳೆಯಬಹುದು. ಒಂದು ವರ್ಷ ದಾಟಿದವರಲ್ಲಿ ಅದು 4.5 ಮಿ.ಮೀ. ಮೀರಿದರೆ ಸಂಶಯಪಡಬೇಕು. ಇದರಿಂದ ನಿಖರ ಒತ್ತಡ ಸಿಗುವುದಿಲ್ಲ. ಮಗುವನ್ನು ಈಗಲೇ ಹುಬ್ಬಳ್ಳಿಗೆ ಕಳಿಸಬೇಕೇ ಎಂದು ನಿರ್ಧರಿಸಲು ನೆರವಾಗುತ್ತದೆ. ಕಳಿಸುವಾಗ ತಲೆ 30 ಡಿಗ್ರಿ ಮೇಲೆ, ಕತ್ತು ನೇರ, ಕೊರಳಪಟ್ಟಿ ಬಿಗಿಯಾಗದಂತೆ ಇರಲಿ. ಕಣ್ಣಪಾಪೆಯ ಗಾತ್ರ ಮತ್ತು ನೋಡಿದ ಸಮಯವನ್ನು ಚೀಟಿಯಲ್ಲಿ ಬರೆದು ಕೊಡಿ.