ಕಪ್ಪು ಟ್ಯೂಬು ಸ್ವಲ್ಪ ಆಚೆ ಇಡಿ

ನನ್ನ ಭಾನುವಾರದ ಪೇಂಟಿಂಗ್ ಕ್ಲಾಸಿನಲ್ಲಿ ಪ್ರತಿ ಬ್ಯಾಚಿನಲ್ಲೂ ಇದೇ ಕತೆ. ಮರ ಬರೆಯುತ್ತಾರೆ, ಚೆನ್ನಾಗಿಯೇ ಬರೆಯುತ್ತಾರೆ. ನೆರಳಿನ ಸರದಿ ಬಂತೋ, ಕೈ ಸೀದಾ ಕಪ್ಪು ಟ್ಯೂಬಿಗೆ ಹೋಗುತ್ತದೆ. ಹುಲ್ಲಿಗೂ ಕಪ್ಪು, ಮಣ್ಣಿಗೂ ಕಪ್ಪು, ಗೋಡೆಗೂ ಕಪ್ಪು. ಕೊನೆಗೆ ಮರದ ಬುಡದಲ್ಲಿ ಯಾರೋ ಲಾರಿ ರಿಪೇರಿ ಮಾಡಿ ಆಯಿಲ್ ಚೆಲ್ಲಿ ಹೋದ ಹಾಗಿರುತ್ತದೆ. ಕೇಳಿದರೆ, "ನೆರಳು ಕಪ್ಪೇ ಅಲ್ವಾ ಸಾರ್?"

ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿ, ಈಗ ಮೊದಲ ದಿನವೇ ಫ್ರಾನ್ಸಿನ ಚಿತ್ರಕಾರ ಕಮೀಲ್ ಪಿಸ್ಸಾರೊನ ಒಂದು ಚಿತ್ರ ಮುಂದಿಡುತ್ತೇನೆ. 1873ರಲ್ಲಿ ಬರೆದದ್ದು. ಪ್ಯಾರಿಸ್ಸಿನಿಂದ ಸ್ವಲ್ಪ ದೂರದ ಪೊಂತ್ವಾಜ್ ಊರಿನ ಪಕ್ಕ, ಎನ್ನರಿ ಅನ್ನುವ ಹಳ್ಳಿಯ ಹೊಲ. ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಬೆಳಗ್ಗೆ ನೆಲವೆಲ್ಲ ಬೆಳ್ಳಗಾಗಿದೆ. ಮುದುಕನೊಬ್ಬ ಬೆನ್ನ ಮೇಲೆ ಸೌದೆ ಹೊರೆ ಹೊತ್ತು, ಕೋಲೂರಿಕೊಂಡು ನಡೆಯುತ್ತಿದ್ದಾನೆ. ಸುತ್ತ ಉತ್ತ ಹೊಲ. ಅಷ್ಟೇ. ದೇವರಿಲ್ಲ, ರಾಜನಿಲ್ಲ, ಕೊಡ ಹೊತ್ತ ಸುಂದರಿಯೂ ಇಲ್ಲ. ಒಂದು ಮೀಟರೂ ಅಗಲವಿಲ್ಲದ ಈ ಕ್ಯಾನ್ವಾಸ್ ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ.

ನೋಡಬೇಕಾದ್ದು ನೇಗಿಲ ಸಾಲುಗಳ ಮೇಲೆ ಅಡ್ಡಡ್ಡ ಬಿದ್ದಿರುವ ಉದ್ದನೆಯ ನೆರಳುಗಳನ್ನು. ಅವು ಮರಗಳ ನೆರಳು, ಆದರೆ ಮರಗಳು ಚಿತ್ರದಲ್ಲಿಲ್ಲ, ಚೌಕಟ್ಟಿನ ಆಚೆ ನಿಂತಿವೆ. ಇಂಪ್ರೆಷನಿಸ್ಟರ, ಅಂದರೆ ಆ ಕ್ಷಣಕ್ಕೆ ಕಂಡ ಬೆಳಕು ಬಣ್ಣಗಳನ್ನೇ ಬರೆಯುತ್ತಿದ್ದ ಚಿತ್ರಕಾರರ ಗುಂಪಿನ, 1874ರ ಮೊದಲ ಪ್ರದರ್ಶನದಲ್ಲಿ ಇದನ್ನಿಟ್ಟಾಗ ವಿಮರ್ಶಕ ಕಸ್ತನ್ಯಾರಿಗೆ ಅದೇ ತಕರಾರು: ಕಾಣದ ಮರದ ನೆರಳನ್ನು ಬರೆಯುವುದೇ? ಲೂಯಿ ಲೆರುವಾ ಅನ್ನುವವನು ಇನ್ನೂ ಒರಟ. ಇದು ಇಬ್ಬನಿಯಲ್ಲ, ಪ್ಯಾಲೆಟ್ (ಬಣ್ಣ ಬೆರೆಸುವ ಹಲಗೆ) ಕೆರೆದು ಕೊಳಕು ಕ್ಯಾನ್ವಾಸಿಗೆ ಮೆತ್ತಿದ್ದು ಅಂತ ತಮಾಷೆ ಮಾಡಿ ಬರೆದ.

ನನಗೆ ಬೇಕಾದ್ದು ಆ ನೆರಳಿನ ಬಣ್ಣ. ನೀಲಿ, ಹಸಿರು, ಬೂದು ಬೆರೆತ ತಣ್ಣನೆಯ ಬಣ್ಣ. ಯಾಕೆ ಹಾಗೆ? ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಬಯಲಿನಲ್ಲಿ ನೆಲಕ್ಕೆ ಬೀಳುವುದು ಒಂದೇ ಬೆಳಕಲ್ಲ, ಎರಡು. ಸೂರ್ಯನದು ಹಳದಿ ಕಡೆಯ ಬೆಚ್ಚನೆ ಬೆಳಕು, ಒಂದೇ ದಿಕ್ಕಿನಿಂದ ಬರುತ್ತದೆ. ಆಕಾಶದ್ದು ನೀಲಿ ಬೆಳಕು, ಎಲ್ಲ ಕಡೆಯಿಂದಲೂ ಬರುತ್ತದೆ. ಮರ ಅಡ್ಡ ನಿಂತು ತಡೆಯುವುದು ಸೂರ್ಯನನ್ನು. ಅಷ್ಟು ದೊಡ್ಡ ಆಕಾಶವನ್ನು ಪೂರ್ತಿ ತಡೆಯಲು ಅದರಿಂದಾಗುತ್ತಾ? ಹಾಗಾಗಿ ನೆರಳಿನ ಜಾಗದಲ್ಲಿ ಉಳಿಯುವುದು ಹೆಚ್ಚಾಗಿ ಆಕಾಶದ ನೀಲಿ. ನೆಲ ಬೆಳ್ಳಗಿದ್ದಷ್ಟೂ ಅದು ಚೆನ್ನಾಗಿ ಕಾಣುತ್ತದೆ. ಪಿಸ್ಸಾರೊಗೆ ಆ ಬೆಳಗ್ಗೆ ಹೊಲವೇ ಬಿಳಿ ಕಾಗದವಾಗಿತ್ತು.

ಹಾಗಂತ ನಾಳೆಯಿಂದ ಎಲ್ಲ ನೆರಳಿಗೂ ನೀಲಿ ಬಳಿಯಬೇಡಿ. ಅದನ್ನೂ ಮಾಡುವವರಿದ್ದಾರೆ. ಮೋಡ ಮುಸುಕಿದ ದಿನ ಈ ಲೆಕ್ಕ ಬೇರೆ. ನಮ್ಮ ಕೆಂಪು ಮಣ್ಣಿನ ಮೇಲೆ ನೆರಳು ನೇರಳೆಗೋ ಕಂದಿಗೋ ತಿರುಗೀತು. ಪಕ್ಕದಲ್ಲಿ ಬಣ್ಣದ ಗೋಡೆಯಿದ್ದರೆ ಅದೂ ಸ್ವಲ್ಪ ಸೇರುತ್ತದೆ. ಕಪ್ಪನ್ನು ಮುಟ್ಟಲೇಬಾರದು ಅಂತಲೂ ಅಲ್ಲ. ಅದೇ ಕಾಲದ ಚಿತ್ರಕಾರ ಮಾನೆಯ ಕಪ್ಪು ನೋಡಿದರೆ ಯಾರೂ ಆ ಮಾತು ಆಡಲಾರರು. ಆದರೆ ಪಿಸ್ಸಾರೊನ ಒಂದು ಪ್ಯಾಲೆಟ್ ಅಮೆರಿಕದ ಕ್ಲಾರ್ಕ್ ಕಲಾ ಸಂಸ್ಥೆಯಲ್ಲಿದೆ. ಆ ಹಲಗೆಯ ಮೇಲೆಯೇ ಒಂದು ಹಳ್ಳಿಯ ದೃಶ್ಯ ಬರೆದು, ಬಳಸಿದ ಬಣ್ಣಗಳ ಮುದ್ದೆಗಳನ್ನು ಅಂಚಿನಲ್ಲಿ ಹಾಗೇ ಬಿಟ್ಟಿದ್ದಾನೆ. ಕಪ್ಪಿನ ಮುದ್ದೆ ಅಲ್ಲಿಲ್ಲ.

ಈ ಮನುಷ್ಯನ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. 1874ರಿಂದ 1886ರವರೆಗೆ ನಡೆದ ಎಂಟೂ ಇಂಪ್ರೆಷನಿಸ್ಟ್ ಪ್ರದರ್ಶನಗಳಲ್ಲಿ ಚಿತ್ರವಿಟ್ಟವನು ಇವನೊಬ್ಬನೇ. ಸೆಜಾನ್‌ನಂಥ ಸಿಡುಕ ಚಿತ್ರಕಾರನೂ ಪೊಂತ್ವಾಜ್‌ಗೆ ಬಂದು ಇವನ ಜೊತೆ ಬರೆದ. ಒಳ್ಳೆಯ ಮೇಷ್ಟ್ರಾಗಿರಬೇಕು. ನನ್ನಷ್ಟು ಬೈಯುತ್ತಿರಲಿಲ್ಲವೇನೋ.

ಹೋದ ವರ್ಷ ಬ್ಯಾಂಕಿನಿಂದ ರಿಟೈರ್ ಆದವರೊಬ್ಬರು ಕ್ಲಾಸಿಗೆ ಸೇರಿದ್ದರು. ಎಷ್ಟು ವಿವರಿಸಿದರೂ ಒಪ್ಪಲಿಲ್ಲ. ಕೊನೆಗೆ ಅವರ ಮನೆ ತಾರಸಿಗೇ ಹೋದೆ. ತಂತಿಯ ಮೇಲೆ ಬಿಳಿ ಪಂಚೆ ಒಣಗುತ್ತಿತ್ತು, ಅರ್ಧ ಬಿಸಿಲು, ಅರ್ಧ ನೆರಳು. ಮುಷ್ಟಿಯನ್ನು ಕೊಳವೆ ಮಾಡಿ ಆ ನೆರಳಿನ ತುಂಡನ್ನಷ್ಟೇ ನೋಡಿ ಅಂದೆ. ಬರಿಗಣ್ಣಲ್ಲಿ ನೋಡಿದರೆ "ಪಂಚೆ ಬಿಳಿ" ಅಂತ ತಲೆ ಮೊದಲೇ ತೀರ್ಪು ಕೊಟ್ಟುಬಿಟ್ಟಿರುತ್ತದೆ. ಅವರು ಬಹಳ ಹೊತ್ತು ನೋಡಿದರು. "ನೀಲಿ ಇದೆ ಸಾರ್. ಮನೇಲಿ ಬಟ್ಟೆಗೆ ನೀಲಿ ಜಾಸ್ತಿ ಹಾಕಿರಬೇಕು."

ಪಂಚೆಯನ್ನು ಬಿಸಿಲಿಗೆ ಎಳೆದೆ. ಬೆಳ್ಳಗಾಯಿತು. ಮತ್ತೆ ನೆರಳಿಗೆ ತಳ್ಳಿದೆ. ನೀಲಿಯಾಯಿತು. ಆಮೇಲೆ ಅವರೇ ನಾಲ್ಕೈದು ಸಲ ಎಳೆದರು, ತಳ್ಳಿದರು.

ಮುಂದಿನ ವಾರ ಅದೇ ತಾರಸಿಯ ಚಿತ್ರ ತಂದರು. ಪಂಚೆಯ ನೆರಳು ತುಂಬಾ ಚೆನ್ನಾಗಿ ಬಂದಿತ್ತು. ಪಕ್ಕದಲ್ಲಿ ಮಾತ್ರ ದಪ್ಪ ಕಪ್ಪು ಬಣ್ಣದ ಒಂದು ಗುಡ್ಡೆ. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು, "ಅದು ನೀರಿನ ಟ್ಯಾಂಕ್ ಸಾರ್. ಅದು ಕಪ್ಪೇ."