ಆಟಗಾರ ಶಾಂತಿಯ ಮಾತನಾಡಿದರೆ ಯುದ್ಧ ನಿಲ್ಲುತ್ತದೆಯೇ?

ಪ್ರಶ್ನೆ: ನೀರಜ್ ಚೋಪ್ರಾ ಅವರು ಪಾಕಿಸ್ತಾನದ ಆಟಗಾರನನ್ನು ಬೆಂಗಳೂರಿಗೆ ಕರೆದಿದ್ದು ಸರಿಯೋ ತಪ್ಪೋ ಎಂದು ನಮ್ಮ ಶಾಲೆಯ ಮಕ್ಕಳು ಮೈದಾನದಲ್ಲೇ ಜಗಳಕ್ಕೆ ಬಿದ್ದರು. ಆಟಗಾರರು ಶಾಂತಿ, ಸೌಹಾರ್ದ ಎಂದು ದನಿ ಎತ್ತುವುದರಿಂದ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ? ತಮ್ಮ ಪಾಡಿಗೆ ಆಡಿಕೊಂಡಿದ್ದರೆ ಸಾಲದೇ?
– ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರು, ಚಿಂತಾಮಣಿ ತಾಲ್ಲೂಕು

ಮೇಷ್ಟ್ರೇ, ಈ ಪ್ರಶ್ನೆ ನಮಗೆ ಹೊಸದಲ್ಲ. ಕೋಲಾರದಿಂದಲೂ ಚಿಕ್ಕಬಳ್ಳಾಪುರದಿಂದಲೂ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆಟಗಾರನೊಬ್ಬನ ಮಾತಿನಿಂದಲೇ ಯುದ್ಧ ನಿಂತಿತು ಎನ್ನಲಾಗದು. ಆದರೆ ನಿಲ್ಲಿಸಬೇಕೆಂದು ಬಯಸುವವರಿಗೆ ಅಂಥ ಮಾತು ಧೈರ್ಯ ಕೊಟ್ಟದ್ದುಂಟು, ದಾರಿ ಮಾಡಿಕೊಟ್ಟದ್ದೂ ಉಂಟು. ಹಾಗೆ ಕೆಲಸಕ್ಕೆ ಬಂದ ಮಾತುಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಆ ಆಟಗಾರರು ಬುದ್ಧಿ ಹೇಳಿದ್ದು ತಮ್ಮವರಿಗೆ.

ಐವರಿ ಕೋಸ್ಟ್‌ನ ಕಥೆಯನ್ನು ಮಕ್ಕಳಿಗೆ ಸ್ವಲ್ಪ ವಿವರವಾಗಿಯೇ ಹೇಳಿ. ಪಶ್ಚಿಮ ಆಫ್ರಿಕಾದ ಆ ದೇಶದಲ್ಲಿ 2002ರ ಸೆಪ್ಟೆಂಬರ್‌ನಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣ ಭಾಗ ಸರ್ಕಾರದ ಕೈಯಲ್ಲಿ ಉಳಿಯಿತು, ಉತ್ತರ ಭಾಗ ಬಂಡುಕೋರರ ಪಾಲಾಯಿತು. ಫುಟ್‌ಬಾಲ್ ತಂಡ ಮಾತ್ರ ಒಡೆಯಲಿಲ್ಲ. ಎರಡೂ ಕಡೆಯ ಹುಡುಗರು ಒಟ್ಟಿಗೇ ಆಡುತ್ತಿದ್ದರು. 2005ರ ಅಕ್ಟೋಬರ್ 8ರಂದು ಆ ತಂಡ ಸುಡಾನ್ ನೆಲದಲ್ಲಿ 3-1ರಿಂದ ಗೆದ್ದಿತು. ಅದೇ ದಿನ ಕ್ಯಾಮರೂನ್ ಆಟಗಾರನೊಬ್ಬ ಈಜಿಪ್ಟ್ ವಿರುದ್ಧ ಕೊನೆಯ ಗಳಿಗೆಯ ಪೆನಾಲ್ಟಿಯನ್ನು ಹಾಳು ಮಾಡಿಕೊಂಡ. ಕ್ಯಾಮರೂನ್ ಗೆಲ್ಲದೆ ಹೋದದ್ದರಿಂದ ಐವರಿ ಕೋಸ್ಟ್ ಮೊಟ್ಟಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ಆಟಗಾರರು ಬೆವರು ಒರೆಸಿಕೊಳ್ಳುವ ಕೋಣೆಯೊಳಗೆ ಟಿ.ವಿ. ಕ್ಯಾಮೆರಾ ಬಂದಿತ್ತು. ತಂಡದ ತಾರಾ ಆಟಗಾರ ಡಿಡಿಯೆ ಡ್ರೋಗ್ಬಾ ಮೈಕ್ ಹಿಡಿದರು, ಸುತ್ತ ಸಂಗಡಿಗರು ನಿಂತರು. ಗೆಲುವಿನ ಬಗ್ಗೆ ಹೇಳಿಕೊಳ್ಳಬೇಕಾದ ಹೊತ್ತಿನಲ್ಲಿ ಅವರು ಉತ್ತರ, ದಕ್ಷಿಣ, ಮಧ್ಯ, ಪಶ್ಚಿಮ ಭಾಗದ ಜನರನ್ನೆಲ್ಲ ಹೆಸರು ಹಿಡಿದು ಕರೆದು, ಒಟ್ಟಿಗೆ ಬಾಳಬಹುದು ಎಂಬುದನ್ನು ನಾವು ಇಂದು ತೋರಿಸಿದ್ದೇವೆ ಎಂದರು. ಬಳಿಕ ತಂಡವೇ ಮೊಣಕಾಲೂರಿತು. ಕ್ಷಮಿಸಿ, ಆಯುಧ ಕೆಳಗಿಡಿ, ಚುನಾವಣೆ ನಡೆಸಿ ಎಂದು ಬೇಡಿಕೊಂಡರು. ಕೇಳಿದ್ದು ಮೂರೇ ಮಾತು, ಮೂರೂ ಸ್ಪಷ್ಟ. ಆ ತುಣುಕು ದೇಶದ ಟಿ.ವಿ.ಯಲ್ಲಿ ಮತ್ತೆ ಮತ್ತೆ ಪ್ರಸಾರವಾಯಿತು.

ಆ ಕೋಣೆಯ ದೃಶ್ಯಕ್ಕಿಂತಲೂ 2007ರಲ್ಲಿ ಅವರು ಮಾಡಿದ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ಡ್ರೋಗ್ಬಾ ‘ಬೆಟೆ’ ಎಂಬ ಹೆಸರಿನ ಸಮುದಾಯದವರು. ಅಂದಿನ ಅಧ್ಯಕ್ಷರೂ ಅದೇ ಸಮುದಾಯದವರು. ಅಂಥವರು ಆಫ್ರಿಕಾದ ವರ್ಷದ ಆಟಗಾರ ಪ್ರಶಸ್ತಿಯನ್ನು ಬಂಡುಕೋರರ ಪ್ರಮುಖ ನೆಲೆಯಾಗಿದ್ದ ಬುವಾಕೆ ನಗರಕ್ಕೆ ತೆಗೆದುಕೊಂಡು ಹೋಗಿ ಅಲ್ಲಿನ ಜನರಿಗೆ ತೋರಿಸಿದರು. ತಂಡದ ಮುಂದಿನ ಪಂದ್ಯ ಇಲ್ಲೇ ನಡೆಯಲಿ ಎಂದೂ ಕೇಳಿದರು. ಜೂನ್ 3ರಂದು ಮಡಗಾಸ್ಕರ್ ವಿರುದ್ಧದ ಪಂದ್ಯ ಬುವಾಕೆಯಲ್ಲೇ ನಡೆಯಿತು. ಐವರಿ ಕೋಸ್ಟ್ 5-0ಯಿಂದ ಗೆದ್ದಿತು.

ಇಲ್ಲಿ ಒಂದು ಎಚ್ಚರ ಬೇಕು. ಮೊಬೈಲಿಗೆ ಬರುವ ಸಂದೇಶಗಳಲ್ಲಿ ‘ಡ್ರೋಗ್ಬಾ ಯುದ್ಧ ನಿಲ್ಲಿಸಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 2007ರ ಮಾರ್ಚ್‌ನಲ್ಲಿ, ದೀರ್ಘ ಮಾತುಕತೆಯ ನಂತರ. 2010ರ ಚುನಾವಣೆಯ ಬಳಿಕ ಮತ್ತೆ ರಕ್ತ ಹರಿಯಿತು. ಸುಮಾರು 3,000 ಜನ ಸತ್ತರು. ಆಗ ರಚನೆಯಾದ ಸತ್ಯ ಮತ್ತು ಸಂಧಾನ ಆಯೋಗದಲ್ಲಿ ಡ್ರೋಗ್ಬಾ ಸದಸ್ಯರಾದರು. ಬೇಸತ್ತು ಕೈಚೆಲ್ಲದೆ ಮತ್ತೆ ಅದೇ ಕೆಲಸಕ್ಕೆ ಇಳಿದ ಆ ಹಟ ನನಗೆ ಬಹಳ ಬೆಲೆಯುಳ್ಳದ್ದು ಎನಿಸುತ್ತದೆ. ಪೆಲೆ ಆಡಲು ಬಂದರೆಂದು ನೈಜೀರಿಯಾದ ಯುದ್ಧವೇ ನಿಂತಿತು ಎಂಬ ಇನ್ನೊಂದು ಕಥೆಯೂ ಹರಿದಾಡುತ್ತದೆ. ಅವರು ಅಲ್ಲಿ ಆಡಿದ್ದು 1969ರ ಆರಂಭದಲ್ಲಿ, ಯುದ್ಧ ಮುಗಿದಿದ್ದು 1970ರ ಜನವರಿಯಲ್ಲಿ. ಮಕ್ಕಳೇ ಲೆಕ್ಕ ಹಾಕಲಿ.

ಇನ್ನು ಕೆನ್ಯಾಕ್ಕೆ ಬನ್ನಿ. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಕೆರೆ ಏರಿಯ ಬಳಿ, ಗುಡಿಯ ಪಕ್ಕ ವೀರಗಲ್ಲುಗಳು ನಿಂತಿವೆ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಬಹಳಷ್ಟು ತುರುಗಾಳಗದಲ್ಲಿ ಸತ್ತವರವು: ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯುತ್ತಾ ಮಡಿದವರು. ಅದೇ ಬಗೆಯ ಕಾಳಗ ಕೆನ್ಯಾದ ವಾಯವ್ಯ ಭಾಗದಲ್ಲಿ ಪೊಕೋಟ್, ತುರ್ಕಾನಾ ಮೊದಲಾದ ದನಗಾಹಿ ಸಮುದಾಯಗಳ ನಡುವೆ ನಮ್ಮ ಕಾಲದಲ್ಲೂ ನಡೆಯುತ್ತಿದೆ, ಬಂದೂಕು ಹಿಡಿದು. ಟೆಗ್ಲಾ ಲೊರೂಪೆ ಪೊಕೋಟ್ ಸಮುದಾಯದ ಹೆಣ್ಣುಮಗಳು. 1994ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದ ಮೊದಲ ಆಫ್ರಿಕಾದ ಮಹಿಳೆ, 1998ರಲ್ಲಿ ವಿಶ್ವದಾಖಲೆ ಬರೆದವರು. ಪದಕ, ಹಣ, ಹೆಸರು ಎಲ್ಲ ಬಂದ ಮೇಲೆ 2003ರಲ್ಲಿ ಶಾಂತಿಗಾಗಿ ಒಂದು ಪ್ರತಿಷ್ಠಾನ ಕಟ್ಟಿದರು. ಪರಸ್ಪರ ದನ ಕದಿಯುವ, ಕೊಲ್ಲುವ ಸಮುದಾಯಗಳ ಯುವಕರನ್ನು ಕಪೆಂಗುರಿಯಾದಂಥ ಊರುಗಳಿಗೆ ಕರೆಸಿ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿದರು.

ಓಟ ಒಂದು ನೆಪ ಎಂಬುದು ಅವರಿಗೂ ಗೊತ್ತಿತ್ತು, ಬಂದವರಿಗೂ ಗೊತ್ತಿತ್ತು. ಆದರೆ ಹಗೆತನ ಬೆಳೆದ ಕಡೆ ಮುಖ ನೋಡಿ ಮಾತನಾಡಲು ಒಂದು ನೆಪವೇ ಬೇಕಾಗುತ್ತದೆ. ಲೊರೂಪೆ ತನ್ನ ಸಮುದಾಯದ ಹುಡುಗರಿಗೇ ದನ ಕದಿಯಲು ಹೋಗಬೇಡಿ ಎಂದು ಹೇಳಿದ್ದರಿಂದಲೇ ಬೇರೆಯವರು ಅವರನ್ನು ನಂಬಿದರು ಎಂಬುದು ನನ್ನ ತಿಳಿವಳಿಕೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 10 ಮಂದಿಯ ನಿರಾಶ್ರಿತರ ತಂಡವನ್ನು ಮುನ್ನಡೆಸಿದ್ದೂ ಅವರೇ.

ನಮ್ಮ ಜಿಲ್ಲೆಯಲ್ಲೇ, 2024ರ ಜನವರಿ 18ರಂದು ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ ನಡೆದ ‘ಒನ್ ವರ್ಲ್ಡ್ ಒನ್ ಫ್ಯಾಮಿಲಿ’ ಕ್ರಿಕೆಟ್ ಪಂದ್ಯ ನಿಮಗೆ ನೆನಪಿರಬಹುದು. ಸಚಿನ್ ತೆಂಡೂಲ್ಕರ್ ಒಂದು ತಂಡದ ನಾಯಕ, ಯುವರಾಜ್ ಸಿಂಗ್ ಇನ್ನೊಂದರ ನಾಯಕ. ಹಲವು ದೇಶಗಳ ಹಳೆಯ ಆಟಗಾರರು ಬಂದಿದ್ದರು. ಕೊನೆಯಲ್ಲಿ ಇರ್ಫಾನ್ ಪಠಾಣ್ ಅಣ್ಣ ಯೂಸುಫ್ ಅವರ ಎಸೆತವನ್ನೇ ಸಿಕ್ಸರ್‌ಗೆ ಎತ್ತಿ ಪಂದ್ಯ ಗೆಲ್ಲಿಸಿದರು. ವಸುಧೈವ ಕುಟುಂಬಕಂ ಎಂಬ ಆಶಯ ಒಳ್ಳೆಯದು, ನಮ್ಮ ಹಳ್ಳಿ ಮಕ್ಕಳಿಗೆ ಆ ದಿನ ಹಬ್ಬವೇ ಸರಿ. ಆದರೆ ಅಲ್ಲಿ ಯಾರೂ ಯಾರ ಮೇಲೂ ಮುನಿದಿರಲಿಲ್ಲ. ಶಾಂತಿಯ ಪ್ರಚಾರ ಎನ್ನುವುದಕ್ಕೆ ನಾನು ಬುವಾಕೆಯ ಅಳತೆಗೋಲನ್ನೇ ಇಡುತ್ತೇನೆ: ಮುನಿದವರ ನಡುವೆ ಹೋಗಿ ನಿಲ್ಲಬೇಕು.

ಹೋಗಿ ನಿಂತವರಿಗೆ ಏನಾಗುತ್ತದೆ? ಮಹಮ್ಮದ್ ಅಲಿ 1967ರ ಏಪ್ರಿಲ್ 28ರಂದು ವಿಯೆಟ್ನಾಂ ಯುದ್ಧ ಕಾಲದಲ್ಲಿ ಸೇನೆಗೆ ಸೇರಲು ನಿರಾಕರಿಸಿದರು. ವಿಶ್ವ ಚಾಂಪಿಯನ್ ಪಟ್ಟ ಹೋಯಿತು, ಐದು ವರ್ಷದ ಜೈಲು ಶಿಕ್ಷೆ ಘೋಷಣೆಯಾಯಿತು, ಮೂರು ವರ್ಷಕ್ಕೂ ಹೆಚ್ಚು ಕಾಲ ಕಣಕ್ಕಿಳಿಯಲಾಗಲಿಲ್ಲ. ಒಬ್ಬ ಬಾಕ್ಸರ್‌ನ ತೋಳಿಗೆ ಬಲವಿರುವ ವರ್ಷಗಳೇ ಅವು. ಅಮೆರಿಕದ ಸುಪ್ರೀಂ ಕೋರ್ಟ್ 1971ರ ಜೂನ್‌ನಲ್ಲಿ ಶಿಕ್ಷೆ ರದ್ದು ಮಾಡಿತು, ಕಳೆದ ವರ್ಷಗಳನ್ನು ಯಾರು ಕೊಡುತ್ತಾರೆ? ಗಾಜಾ ಯುದ್ಧ ನಡೆಯುತ್ತಿದ್ದ 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಉಸ್ಮಾನ್ ಖ್ವಾಜಾ, ಎಲ್ಲ ಜೀವಗಳೂ ಸಮಾನ ಎಂದು ಬರೆದ ಶೂ ಹಾಕಿಕೊಂಡು ಪರ್ತ್ ಟೆಸ್ಟ್ ಆಡಲು ಬಯಸಿದರು, ಐಸಿಸಿ ಒಪ್ಪಲಿಲ್ಲ. ಕಪ್ಪು ಪಟ್ಟಿ ಕಟ್ಟಿಕೊಂಡರು, ಅದಕ್ಕೆ ವಾಗ್ದಂಡನೆ ಬಂತು. ಪಾರಿವಾಳದ ಚಿತ್ರ ಅಂಟಿಸುತ್ತೇನೆ ಎಂದರು, ಅದಕ್ಕೂ ಅನುಮತಿ ಸಿಗಲಿಲ್ಲ. ಒಲಿಂಪಿಕ್ಸ್‌ನಲ್ಲೂ ರಾಜಕೀಯ ಪ್ರದರ್ಶನಕ್ಕೆ ನಿಷೇಧವಿದೆ. ಪದಕ ಸ್ವೀಕರಿಸುವ ವೇದಿಕೆಯಲ್ಲಂತೂ ಏನೂ ಮಾಡುವಂತಿಲ್ಲ. ನಮ್ಮ ದೇಶದಲ್ಲಿ ಇನ್ನೊಂದು ಕಟ್ಟು ಇದೆ: ಅನೇಕ ಆಟಗಾರರು ರೈಲ್ವೆ, ಪೊಲೀಸ್, ಸೇನೆಯ ನೌಕರರು. ನೌಕರಿಯ ನಡತೆ ನಿಯಮ ಮೀರಿ ಮಾತನಾಡಿದರೆ ಮನೆಯ ಒಲೆಗೇ ತೊಂದರೆ. ಅವರು ಸುಮ್ಮನಿದ್ದಾರೆ ಎಂದು ಹಂಗಿಸುವ ಮುನ್ನ ಇದನ್ನು ನೆನೆಯಬೇಕು.

ಈಗ ನಿಮ್ಮ ಮಕ್ಕಳ ಜಗಳಕ್ಕೆ ಬರುತ್ತೇನೆ. ನೀರಜ್ ಸೇನೆಯವರು. ಟೋಕಿಯೊ ಚಿನ್ನ ಗೆದ್ದ ಕೆಲವೇ ದಿನಗಳಲ್ಲಿ, 2021ರ ಆಗಸ್ಟ್‌ನಲ್ಲಿ, ಪಾಕಿಸ್ತಾನದ ಅರ್ಷದ್ ನದೀಮ್ ನೀರಜ್‌ರ ಜಾವೆಲಿನ್ ಮುಟ್ಟಿದ್ದೇ ದೊಡ್ಡ ಅಪರಾಧ ಎಂಬಂತೆ ಜಾಲತಾಣಗಳಲ್ಲಿ ಬೊಬ್ಬೆ ಎದ್ದಿತು. ನೀರಜ್ ವಿಡಿಯೊ ಮಾಡಿ, ಒಬ್ಬರ ಜಾವೆಲಿನ್ ಇನ್ನೊಬ್ಬರು ಬಳಸುವುದು ನಿಯಮದಲ್ಲೇ ಇದೆ, ನನ್ನ ಹೆಸರಿನಲ್ಲಿ ದ್ವೇಷ ಹಬ್ಬಿಸಬೇಡಿ ಎಂದು ಹೇಳಿದರು. ಹೇಳಿದ್ದು ಯಾರಿಗೆ? ತನಗೆ ಜೈಕಾರ ಹಾಕುತ್ತಿದ್ದವರಿಗೇ. 2024ರ ಪ್ಯಾರಿಸ್‌ನಲ್ಲಿ ಅರ್ಷದ್‌ಗೆ ಚಿನ್ನ, ನೀರಜ್‌ಗೆ ಬೆಳ್ಳಿ ಬಂದಾಗ ನೀರಜ್‌ರ ತಾಯಿ, ಚಿನ್ನ ಗೆದ್ದವನೂ ನಮ್ಮ ಮಗನೇ ಎಂದರು.

2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಮ್ಮ ಕೂಟಕ್ಕೆ ಅವರು ಅರ್ಷದ್‌ರನ್ನು ಕರೆದದ್ದು ಪಹಲ್ಗಾಮ್ ದಾಳಿಗೆ ಮೊದಲು. ದಾಳಿಯಲ್ಲಿ 26 ಜನ ಸತ್ತ ಬಳಿಕ ಆ ಆಹ್ವಾನವನ್ನೇ ಹಿಡಿದು ನೀರಜ್‌ರನ್ನೂ ಅವರ ತಾಯಿಯನ್ನೂ ಬಾಯಿಗೆ ಬಂದಂತೆ ನಿಂದಿಸಿದರು. ಅದು ಆಟಗಾರ ಆಟಗಾರನಿಗೆ ಕೊಟ್ಟ ಕರೆ ಎಂದು ಅವರು ವಿವರಿಸಬೇಕಾಯಿತು. ಮೇ ತಿಂಗಳಲ್ಲಿ ದೋಹಾದಲ್ಲಿ, ಇನ್ನು ಮೊದಲಿನಂತೆ ಇರಲಾಗದು ಎಂದೂ ಹೇಳಿದರು. ನಾನು ಅವರನ್ನು ದೂರುವುದಿಲ್ಲ. ದುಃಖ ಹಸಿಯಾಗಿರುವಾಗ ಯಾವ ಸೌಹಾರ್ದದ ಮಾತೂ ಕಿವಿಗೆ ಹೋಗುವುದಿಲ್ಲ. ಆದರೆ 2021ರ ಆ ವಿಡಿಯೊ ಸುಳ್ಳಾಗಲಿಲ್ಲ. ಅದನ್ನು ನೋಡಿದ ಎಷ್ಟೋ ಹುಡುಗರು ಒಂದು ಸುಳ್ಳನ್ನು ಮುಂದಕ್ಕೆ ಕಳುಹಿಸದೆ ಕೈ ತಡೆದಿರುತ್ತಾರೆ ಎಂದು ನಾನು ನಂಬಿದ್ದೇನೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ, ಮುಂಬೈ ದಾಳಿ ನಡೆದು ಎರಡು ವರ್ಷವೂ ತುಂಬದ 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆಗೂಡಿ ‘ಯುದ್ಧ ನಿಲ್ಲಿಸಿ, ಟೆನಿಸ್ ಶುರುಮಾಡಿ’ ಎಂದು ಕರೆ ಕೊಟ್ಟಿದ್ದರು. ಆ ವರ್ಷ ಅಮೆರಿಕ ಓಪನ್ ಫೈನಲ್‌ವರೆಗೂ ಹೋದರು. ಅದನ್ನೂ ಮಕ್ಕಳಿಗೆ ಹೇಳಿ.

ತಮ್ಮ ಪಾಡಿಗೆ ಇದ್ದರೆ ಸಾಲದೇ ಎಂದು ಕೇಳಿದ್ದೀರಿ. ಮಾತನಾಡಲೇಬೇಕು ಎಂದು ಯಾರನ್ನೂ ಒತ್ತಾಯಿಸಲಾಗದು. ಮಾತನಾಡಿದವರ ಬಾಯಿ ಮುಚ್ಚಿಸುವುದು ಮಾತ್ರ ಸಲ್ಲದು.

ನಿಮ್ಮ ಊರಿನಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಗಣೇಶ ಹಬ್ಬಕ್ಕೆ, ಈದ್‌ಗೆ ಮುಂಚೆ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರಲ್ಲ, ಅಲ್ಲಿಗೆ ಬರುವವರು ಹೆಚ್ಚಾಗಿ ಮುಖಂಡರು, ಹಿರಿಯರು. ಮೆರವಣಿಗೆಯಲ್ಲಿ ಕುಣಿಯುವ ಹುಡುಗರು ಕೇಳುವುದು ತಮ್ಮ ಕಬಡ್ಡಿ ತಂಡದ, ಟೆನಿಸ್ ಬಾಲ್ ಕ್ರಿಕೆಟ್ ತಂಡದ ನಾಯಕನ ಮಾತನ್ನು. ಅವರನ್ನೂ ಸಭೆಗೆ ಕರೆಸಿ ಎಂದು ಇನ್‌ಸ್ಪೆಕ್ಟರ್‌ಗೆ ಒಂದು ಮನವಿ ಕೊಡಿ. ಬಂದವರು ಭಾಷಣ ಮಾಡುವುದು ಬೇಡ. ನಮ್ಮ ಬೀದಿಯ ಹುಡುಗರು ಮಸೀದಿ ಮುಂದೆ ಡಿಜೆ ನಿಲ್ಲಿಸಿಕೊಂಡು ಕುಣಿಯುವುದಿಲ್ಲ, ಅದಕ್ಕೆ ನಾನು ಹೊಣೆ ಎಂದು ಒಬ್ಬ ಹೇಳಲಿ. ಯಾವುದೋ ವಿಡಿಯೊ ನೋಡಿ ನಮ್ಮವರು ಗುಂಪು ಕಟ್ಟದಂತೆ ನಾನು ನೋಡಿಕೊಳ್ಳುತ್ತೇನೆ ಎಂದು ಇನ್ನೊಬ್ಬ ಹೇಳಲಿ. ಇಬ್ಬರ ಮೊಬೈಲ್ ನಂಬರೂ ಠಾಣೆಯಲ್ಲಿರಲಿ, ಒಬ್ಬರದು ಇನ್ನೊಬ್ಬರ ಬಳಿಯೂ ಇರಲಿ.